ನಂಬಿಕೆ ಇರುವಾಗಲೇ ಬರೆದಿಡುವುದು

ವ್ಯಾಪಾರದ ಮನೆಯಲ್ಲಿ ಮಗನೋ ಮಗಳೋ ಕಾನೂನು ಓದಿದ್ದರೆ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ. ಎಲ್‌ಎಲ್‌ಬಿ ಮುಗಿದಿದೆ. ಕಪ್ಪು ಕೋಟು ಹಾಕಿಕೊಂಡು ಹಾಸನದ ಕೋರ್ಟಿಗೆ ಹೋಗಬಹುದು, ಇಲ್ಲವೇ ಅಪ್ಪನ ಮಂಡಿಯಲ್ಲಿ ಕೂರಬಹುದು. ಅದು ಬಿಟ್ಟು, "ಎಲ್‌ಎಲ್‌ಎಂ ಮಾಡ್ತೀನಿ" ಎಂದರೆ ಅಪ್ಪ ಕೇಳುತ್ತಾರೆ: "ಇನ್ನೂ ಓದಿ ಏನ್ಮಾಡ್ತೀಯಪ್ಪ? ಮೇಷ್ಟ್ರಾಗ್ತೀಯಾ? ಅಂಗಡಿ ಯಾರು ನೋಡ್ಕೊಳ್ಳೋದು?"

ಆ ಪ್ರಶ್ನೆಯ ಹಿಂದೆ ಓದಿನ ಮೇಲಿನ ಅಸಡ್ಡೆ ಇಲ್ಲ. ನಸುಕಿನಲ್ಲೇ ಎದ್ದು ಎಪಿಎಂಸಿಗೆ ಹೋಗಿ ಆಲೂಗಡ್ಡೆ ಮೂಟೆ ಎಣಿಸಿದವರು, ಚನ್ನರಾಯಪಟ್ಟಣದ ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡಿ ಬೆಲೆ ಹೇಳಿದವರು ಕೇಳುವ ಪ್ರಶ್ನೆ ಅದು. ಅವರ ವ್ಯವಹಾರ ನಡೆದದ್ದು ಮಾತಿನ ಮೇಲೆ, ಮುಖ ನೋಡಿ, ಬಿಳಿ ಚೀಟಿಯ ಹಿಂದೆ ಗೀಚಿದ ನಾಲ್ಕು ಅಂಕಿಗಳ ಮೇಲೆ. ಅಷ್ಟರಲ್ಲೇ ಬದುಕು ಕಟ್ಟಿದವರಿಗೆ ಎರಡು ಪದವಿಯ ಕಾನೂನು ಯಾತಕ್ಕೆ ಅನ್ನಿಸುವುದು ಸಹಜ. ಅವರ ಪ್ರಶ್ನೆಗೆ ಗೌರವದಿಂದ ಉತ್ತರ ಹುಡುಕಬೇಕು ಎಂಬುದು ಈ ಬೆಳಗಿನ ನನ್ನ ಯೋಚನೆ.

ಎಲ್‌ಎಲ್‌ಬಿಯಲ್ಲಿ ಕಾನೂನುಗಳ ಪರಿಚಯವಾಗುತ್ತದೆ. ಕರಾರು, ಆಸ್ತಿ, ಅಪರಾಧ, ಸಾಕ್ಷ್ಯ, ಸಂವಿಧಾನ ಸಾಲಾಗಿ ಬಂದು ಪರೀಕ್ಷೆಯ ಜೊತೆಗೇ ಸಾಗಿಹೋಗುತ್ತವೆ. ವಕೀಲಿ ಮಾಡಲು ಅಷ್ಟು ಸಾಕು. 1961ರ ವಕೀಲರ ಕಾಯ್ದೆ ಎಲ್‌ಎಲ್‌ಎಂ ಕೇಳುವುದಿಲ್ಲ. ಸ್ನಾತಕೋತ್ತರ ಓದಿನಲ್ಲಿ ನಡಿಗೆ ನಿಧಾನವಾಗುತ್ತದೆ. ಒಂದೇ ಪ್ರಶ್ನೆಯ ಮುಂದೆ ತಿಂಗಳುಗಟ್ಟಲೆ ಕೂರಬೇಕು. ಒಂದು ತೀರ್ಪನ್ನು ಓದುವಾಗ ಗೆದ್ದವರ ವಾದದಷ್ಟೇ ಶ್ರದ್ಧೆಯಿಂದ ಸೋತವರ ವಾದವನ್ನೂ, ಭಿನ್ನಮತದ ನ್ಯಾಯಮೂರ್ತಿಯ ಮಾತನ್ನೂ ಓದಬೇಕು. ಈ ಕಾನೂನು ಯಾಕೆ ಬಂತು, ಯಾರ ನೋವಿನಿಂದ ಬಂತು, ಅದರಲ್ಲಿನ "ಆದರೆ" ಎಂಬ ಪದ ಯಾರನ್ನು ಕಾಯುತ್ತದೆ, ಯಾರನ್ನು ಹೊರಗಿಡುತ್ತದೆ ಎಂದು ಕೇಳಿಕೊಳ್ಳಬೇಕು. ಇದು ಅಭ್ಯಾಸವಾದವರು ವ್ಯಾಪಾರಕ್ಕೆ ಬಂದರೆ, ಎದುರಿನವರ ಕುರ್ಚಿಯಲ್ಲಿ ಕೂತು ಯೋಚಿಸುವುದು ಅವರಿಗೆ ಸ್ವಭಾವವೇ ಆಗಿರುತ್ತದೆ.

ಇದಕ್ಕಾಗಿ ಎಲ್ಲರೂ ಊರು ಬಿಡಬೇಕಿಲ್ಲ. ಹಾಸನದಲ್ಲೂ ಹೊಳೆನರಸೀಪುರದಲ್ಲೂ ಕಾನೂನು ಕಾಲೇಜುಗಳಿವೆ. ಮೊದಲ ಪದವಿ ಮನೆಯಿಂದಲೇ ಬಸ್ಸಿನಲ್ಲಿ ಓಡಾಡಿಕೊಂಡು ಆಗುತ್ತದೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ವ್ಯಾಪಾರ ಕಾನೂನಿನಲ್ಲಿ ಎಂಬಿಎಲ್ ಎಂಬ ಸ್ನಾತಕೋತ್ತರ ಪದವಿಯನ್ನು ದೂರಶಿಕ್ಷಣದಲ್ಲಿ ನಡೆಸುತ್ತಾ ಬಂದಿದೆ. ಅದಕ್ಕೆ ಎಲ್‌ಎಲ್‌ಬಿಯೇ ಬೇಕೆಂದಿಲ್ಲ. ಬಿಕಾಂ ಮುಗಿಸಿ ಗೊಬ್ಬರದ ಅಂಗಡಿ ನೋಡಿಕೊಳ್ಳುತ್ತಿರುವವರೂ ಸೇರಬಹುದು. ಅದರಿಂದ ವಕೀಲಿ ಸನ್ನದು ಸಿಗುವುದಿಲ್ಲ. ಆದರೆ ತನ್ನ ಅಂಗಡಿಯ ಕಾಗದಗಳನ್ನು ತಾನೇ ಓದುವ ಕಣ್ಣು ಸಿಗುತ್ತದೆ.

ಆ ಕಣ್ಣು ಏನು ಕಾಣುತ್ತದೆ? ಒಂದು ಪಾಲುದಾರಿಕೆಯನ್ನೇ ಹತ್ತಿರದಿಂದ ನೋಡೋಣ. ಇಬ್ಬರು ಗೆಳೆಯರು ಸೇರಿ ತೆಂಗಿನ ನಾರಿನ ಘಟಕ ಹಾಕುತ್ತಾರೆ. ಒಬ್ಬರದು ಜಾಗ, ಇನ್ನೊಬ್ಬರದು ಯಂತ್ರ. ಛಾಪಾ ಕಾಗದದ ಮೇಲೆ ಕರಾರು ಬರೆಸುತ್ತಾರೆ. ಮೊದಲ ಪುಟದಲ್ಲಿ ಹೆಸರು, ವಿಳಾಸ, ಬಂಡವಾಳ. ಎರಡನೆಯದರಲ್ಲಿ ಲಾಭದ ಹಂಚಿಕೆ. ಮೂರನೆಯ ಪುಟ ಅವಸರದಲ್ಲಿ ಮುಗಿಯುತ್ತದೆ. ಇಬ್ಬರಲ್ಲಿ ಒಬ್ಬರು ಬೇಡವೆಂದರೆ ಏನು, ಒಬ್ಬರು ತೀರಿಕೊಂಡರೆ ಏನು, ಯಂತ್ರದ ಬೆಲೆ ಕಟ್ಟುವವರು ಯಾರು ಎಂಬ ಮಾತು ಎತ್ತಲು ಇಬ್ಬರಿಗೂ ಸಂಕೋಚ. ಶುಭಕಾರ್ಯದ ದಿನ ಸಾವಿನ ಮಾತೇಕೆ ಎಂದು ಸುಮ್ಮನಾಗುತ್ತಾರೆ.

1932ರ ಪಾಲುದಾರಿಕೆ ಕಾಯ್ದೆ ಸುಮ್ಮನಾಗುವುದಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಪಾಲುದಾರರಲ್ಲಿ ಒಬ್ಬರು ತೀರಿಕೊಂಡಾಗ ಸಂಸ್ಥೆಯೇ ವಿಸರ್ಜನೆಯಾಗುತ್ತದೆ ಎಂದು ಅದರ 42ನೇ ಸೆಕ್ಷನ್ ಹೇಳುತ್ತದೆ. 69ನೇ ಸೆಕ್ಷನ್ ಇನ್ನೂ ಕಠಿಣ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ಕರಾರಿನಡಿ ತನಗೆ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಹೊರಗಿನವರು ಮಾತ್ರ ಅದರ ಮೇಲೆ ಹೂಡಬಹುದು. ನೋಂದಣಿ ಕಡ್ಡಾಯವಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಬಿಟ್ಟವರಿಗೆ, ಮಾಲು ಕೊಟ್ಟು ಹಣ ಬರದೆ ಕೋರ್ಟಿನ ಮೆಟ್ಟಿಲು ಹತ್ತಿದ ದಿನ ಇದು ಗೊತ್ತಾಗುತ್ತದೆ. ಕಡ್ಡಾಯವಲ್ಲ ಎಂಬ ಮಾತು ನಿಜ. ಇಲ್ಲದಿದ್ದರೆ ಕಳೆದುಕೊಳ್ಳುವುದೇನು ಎಂಬುದನ್ನು ಯಾರೂ ಹೇಳಿರುವುದಿಲ್ಲ. ಆಳವಾದ ಓದು ಅಲ್ಲಿಗೇ ಹೋಗುತ್ತದೆ. ಮೂರನೆಯ ಪುಟವನ್ನು ಮೊದಲು ಬರೆಯಬೇಕು, ಗೆಳೆತನ ಗಟ್ಟಿಯಾಗಿರುವ ದಿನವೇ ಬರೆಯಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಮನಸ್ಸು ಚೆನ್ನಾಗಿರುವಾಗ ಇಬ್ಬರೂ ಉದಾರಿಗಳಾಗಿರುತ್ತಾರೆ. ಮುನಿಸು ಬಂದ ಮೇಲೆ ಬರೆಯುವ ಪ್ರತಿ ಸಾಲಿನಲ್ಲೂ ಅನುಮಾನ ಸೇರಿಕೊಳ್ಳುತ್ತದೆ.

ಮಾತು ಕೊಟ್ಟ ಮೇಲೆ ಬರೆಯುವುದು ಯಾಕೆ, ಬರೆಯುವುದೆಂದರೆ ಅಪನಂಬಿಕೆ ಎನ್ನುವವರು ನಮ್ಮಲ್ಲಿದ್ದಾರೆ. ಅವರಿಗೆ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಒಂದು ಹಳೆಯ ಉತ್ತರವಿದೆ. ಶ್ರವಣಬೆಳಗೊಳದಲ್ಲಿ 1368ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಕಾಲದ್ದು. ಜೈನರಿಗೂ ಶ್ರೀವೈಷ್ಣವರಿಗೂ ಕಲಹವಾಗಿ, ತಮಗಾದ ಅನ್ಯಾಯವನ್ನು ಜೈನರು ಅರಸನ ಮುಂದೆ ಹೇಳಿಕೊಂಡಾಗ ಆದ ತೀರ್ಮಾನ ಅದರಲ್ಲಿದೆ. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ ಸಂಗತಿ ಹಲವರಿಗೆ ಗೊತ್ತು. ಅದನ್ನು ಸಾಮರಸ್ಯದ ಶಾಸನವೆಂದು ಪಾಠಗಳಲ್ಲಿ ಓದುತ್ತೇವೆ.

ನಾನು ಅದನ್ನು ಮತ್ತೆ ಮತ್ತೆ ನೆನೆಯುವುದು ಆಮೇಲಿನ ಸಾಲುಗಳಿಗಾಗಿ. ಕೈಯಲ್ಲಿ ಕೈ ಇಟ್ಟಷ್ಟಕ್ಕೆ ಶಾಸನ ಮುಗಿಯುವುದಿಲ್ಲ. ನಾಡಿನ ಜೈನರ ಮನೆಗಳಿಂದ ಬಾಗಿಲಿಗೊಂದರಂತೆ ವರ್ಷಕ್ಕೆ ಒಂದು ಹಣ ಎತ್ತಬೇಕು. ಎತ್ತುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದವನದು. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಡಬೇಕು. ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ತಪ್ಪಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು. ಕೊಡುವವರು ಯಾರು, ಎಷ್ಟು, ಎತ್ತುವವರು ಯಾರು, ಯಾವುದಕ್ಕೆ ಖರ್ಚು, ಮಿಕ್ಕದ್ದು ಎಲ್ಲಿಗೆ, ತಪ್ಪಿದರೆ ಏನು: ಇಂದು ಕರಾರು ಬರೆಯುವವರು ಕೇಳಿಕೊಳ್ಳುವ ಎಲ್ಲ ಪ್ರಶ್ನೆಗಳಿಗೂ ಆ ಕಲ್ಲಿನಲ್ಲಿ ಉತ್ತರವಿದೆ. ಹೊಣೆಯನ್ನು ಎದುರು ಪಕ್ಷದ ಗೌರವಾನ್ವಿತನಿಗೇ ಕೊಟ್ಟದ್ದಂತೂ ಬಹಳ ದೊಡ್ಡ ತಿಳಿವಳಿಕೆ. ಕಾಪಾಡುವ ಕೆಲಸ ಕೊಟ್ಟವನು ಕೆಡಿಸುವುದು ಕಷ್ಟ. ಶಾಸನದ ಕೊನೆಯಲ್ಲಿ ಇನ್ನೊಂದು ಹೆಸರು ಬರುತ್ತದೆ, ಬುಸುವಿಸೆಟ್ಟಿಯದು. ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ, ಈ ಒಪ್ಪಂದವನ್ನು ಜೀರ್ಣೋದ್ಧಾರ ಮಾಡಿಸಿದವನು ಅವನು. ಎರಡೂ ಮತದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಅರಸನ ತೀರ್ಮಾನ ಹಳತಾಗದಂತೆ ನೋಡಿಕೊಂಡವನು ಒಬ್ಬ ಸೆಟ್ಟಿ ಎಂಬುದನ್ನು ನೆನೆದಾಗ ನನಗೆ ಈ ಸೀಮೆಯ ಬಗ್ಗೆ ಅಭಿಮಾನ ಉಕ್ಕುತ್ತದೆ.

ಇನ್ನು ಇಂದಿನ ವ್ಯಾಪಾರಕ್ಕೆ ಬಂದರೆ, ಆಲೂಗಡ್ಡೆ. ಮುಂಗಾರಿಗೆ ಮುಂಚೆ ಪಂಜಾಬಿನ ಜಲಂಧರದ ಕಡೆಯಿಂದ ಬಿತ್ತನೆ ಗಡ್ಡೆ ಲಾರಿಗಳಲ್ಲಿ ಹಾಸನದ ಮಾರುಕಟ್ಟೆಗೆ ಬಂದಿಳಿಯುವುದನ್ನು ಕಂಡವರಿಗೆ ಬಿತ್ತನೆ ಬೀಜ ಎಷ್ಟು ದೊಡ್ಡ ವ್ಯವಹಾರವೆಂದು ಹೇಳಬೇಕಿಲ್ಲ. ಕುಫ್ರಿ ಜ್ಯೋತಿ ತಳಿಯ ಹೆಸರು ಇಲ್ಲಿನ ರೈತರ ಬಾಯಲ್ಲಿ ಮನೆಮಾತು. ಬೀಜ ಕೆಟ್ಟರೆ, ಅಂಗಮಾರಿ ಹೊಡೆದರೆ ಒಂದು ವರ್ಷದ ಬದುಕೇ ಹೋಯಿತು.

2019ರಲ್ಲಿ ಗುಜರಾತಿನಲ್ಲಿ ಒಂದು ಪ್ರಕರಣ ನಡೆಯಿತು. ಚಿಪ್ಸ್‌ಗೆಂದು ತಾನು ನೋಂದಾಯಿಸಿದ್ದ ಆಲೂಗಡ್ಡೆ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಪೆಪ್ಸಿಕೋ ಕಂಪನಿ ಕೆಲವು ರೈತರ ಮೇಲೆ ದಾವೆ ಹೂಡಿತು. ಅವರಲ್ಲಿ ಕೆಲವರಿಂದ ತಲಾ 1 ಕೋಟಿ ರೂಪಾಯಿಗೂ ಮೇಲ್ಪಟ್ಟ ಪರಿಹಾರ ಕೇಳಿತು. ದೇಶವೆಲ್ಲ ಮಾತಾಡಿದ ಮೇಲೆ ಅದೇ ವರ್ಷದ ಮೇ ತಿಂಗಳಲ್ಲಿ ದಾವೆಗಳನ್ನು ಹಿಂತೆಗೆದುಕೊಂಡಿತು. 2021ರ ಡಿಸೆಂಬರಿನಲ್ಲಿ ಸಸ್ಯ ತಳಿ ಸಂರಕ್ಷಣಾ ಪ್ರಾಧಿಕಾರ ಆ ನೋಂದಣಿಯನ್ನೇ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ರದ್ದತಿಯನ್ನು ತಳ್ಳಿಹಾಕಿತು.

ಇದನ್ನು ಪತ್ರಿಕೆಯಲ್ಲಿ ಓದಿದವರಲ್ಲಿ ಒಬ್ಬರು ರೈತ ಗೆದ್ದ ಎಂದರು, ಒಬ್ಬರು ಕಂಪನಿ ಗೆದ್ದಿತು ಎಂದರು. ಕಾನೂನನ್ನು ಆಳವಾಗಿ ಓದಿದವರು ಅಷ್ಟಕ್ಕೆ ನಿಲ್ಲುವುದಿಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ತೆರೆಯುತ್ತಾರೆ. ಅದರ 39ನೇ ಸೆಕ್ಷನ್ ಸಂರಕ್ಷಿತ ತಳಿಯ ಬೀಜವನ್ನೂ ಒಳಗೊಂಡು ತನ್ನ ಬೆಳೆಯನ್ನು ಉಳಿಸಿಕೊಳ್ಳುವ, ಬಿತ್ತುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಬೆನ್ನಿಗೇ ಒಂದು "ಆದರೆ" ಇದೆ: ಆ ಬೀಜವನ್ನು ಹೆಸರು ಹಚ್ಚಿದ ಚೀಲದಲ್ಲಿ ಬ್ರಾಂಡ್ ಮಾಡಿ ಮಾರುವಂತಿಲ್ಲ. ಹಾಸನದಲ್ಲಿ ಬೀಜದ ವ್ಯಾಪಾರ ಆರಂಭಿಸುವ ಯುವಕನ ಇಡೀ ಉದ್ಯಮ ಆ ಒಂದು "ಆದರೆ"ಯ ಯಾವ ಬದಿಗೆ ನಿಂತಿದೆ ಎಂಬುದು ಅವನಿಗೆ ಮೊದಲ ದಿನವೇ ತಿಳಿದಿರಬೇಕು. ಅದೇ ಯುವಕ ಕಂಪನಿಯೊಂದಕ್ಕೆ ಕರಾರು ಕೃಷಿಯ ಕಾಗದ ಬರೆದುಕೊಡುವ ಕೆಲಸದಲ್ಲಿದ್ದರೆ, ರೈತನ ಈ ಹಕ್ಕನ್ನು ಕರಾರಿನಲ್ಲೇ ಸ್ಪಷ್ಟ ಕನ್ನಡದಲ್ಲಿ ಬರೆಯುವ ಹೊಣೆ ಅವನದು. ರೈತನಿಗೆ ಅರ್ಥವಾಗದ ಭಾಷೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಕರಾರನ್ನು ನಾನು ಕರಾರೆಂದು ಕರೆಯಲಾರೆ.

ಅರಕಲಗೂಡಿನ ಕಡೆಗೆ ಹೋದರೆ ಬೆಳೆಯೂ ಬೇರೆ, ಕಾನೂನೂ ಬೇರೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ವರ್ಜೀನಿಯಾ ತಂಬಾಕನ್ನು ಯಾರು ಬೇಕಾದರೂ ಎಷ್ಟು ಬೇಕಾದರೂ ಬೆಳೆದು ಎಲ್ಲಿ ಬೇಕಾದರೂ ಮಾರುವಂತಿಲ್ಲ. 1975ರ ತಂಬಾಕು ಮಂಡಳಿ ಕಾಯ್ದೆಯಡಿ ಬೆಳೆಗಾರರೂ ಎಲೆ ಹದ ಮಾಡುವ ಬ್ಯಾರನ್ನುಗಳೂ ನೋಂದಣಿಯಾಗಬೇಕು, ಬೇಲು ಹರಾಜಿಗೇ ಬರಬೇಕು. ಹದ ಮಾಡಿದ ಎಲೆಯ ಬೇಲಿನ ಮುಂದೆ ಬೆಳೆಗಾರ ನಿಂತಿರುತ್ತಾನೆ. ಅವನ ವರ್ಷದ ದುಡಿಮೆಗೆ ಬೆಲೆ ಬೀಳುವುದು ಕ್ಷಣಗಳಲ್ಲಿ. ಅದೇ ಎಲೆಯ ಬಗ್ಗೆ ಜಗತ್ತಿನ ಮಟ್ಟದಲ್ಲಿ ಇನ್ನೊಂದು ಕಾಗದವಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅಂಗೀಕರಿಸಿತು. ತಂಬಾಕು ಬೆಳೆಗಾರರಿಗೆ ಬದಲಿ ಜೀವನೋಪಾಯಕ್ಕೆ ಬೆಂಬಲ ಕೊಡಬೇಕೆಂಬ ಮಾತೂ ಅದರಲ್ಲಿದೆ. ಕೊಣನೂರಿನಲ್ಲಿ ಇವತ್ತು ಹೊಸ ಬ್ಯಾರನ್ ಕಟ್ಟಲು ಸಾಲ ತೆಗೆಯಬೇಕೇ, ಅಥವಾ ಅದೇ ಹೊಲದಲ್ಲಿ ಬೇರೆ ಬೆಳೆಯ ಸಂಸ್ಕರಣೆಗೆ ಹಣ ಹಾಕಬೇಕೇ ಎಂದು ಕೇಳುವವರಿಗೆ ಈ ಎರಡೂ ಕಾಗದಗಳನ್ನು ಪಕ್ಕದಲ್ಲಿಟ್ಟು ಓದಬಲ್ಲವರ ಸಲಹೆ ಬೇಕು. ಅಂಥವರು ತಾಲ್ಲೂಕಿನಲ್ಲೇ ಇದ್ದರೆ ಎಷ್ಟು ಮನೆಗಳು ಉಳಿದಾವು ಎಂದು ಯೋಚಿಸುತ್ತೇನೆ.

ಓದು ಮನಸ್ಸನ್ನು ಒರಟು ಮಾಡುವ ಅಪಾಯವೂ ಇದೆ. ಕಾನೂನು ಗೊತ್ತೆಂಬ ಧೈರ್ಯದಲ್ಲಿ ಮಾತಿಗೆ ಮೊದಲು ನೋಟಿಸು ಕಳಿಸುವವರನ್ನು ನಾವು ನೋಡಿದ್ದೇವೆ. ಸಣ್ಣ ತಯಾರಕರ ಬಿಲ್ಲನ್ನು ಕೊಳ್ಳುವವರು ಹೆಚ್ಚೆಂದರೆ 45 ದಿನದೊಳಗೆ ತೀರಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಕೂಡುವ ಚಕ್ರಬಡ್ಡಿ ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ದೊಡ್ಡ ಖರೀದಿದಾರರಿಗೆ ನಾರು ಕಳಿಸಿ ದುಡ್ಡಿಗಾಗಿ ತಿಂಗಳುಗಟ್ಟಲೆ ಕಾಯುವ ಚನ್ನರಾಯಪಟ್ಟಣದ ಘಟಕಕ್ಕೆ ಇದು ದೊಡ್ಡ ಬಲ. ಬಲವನ್ನು ಯಾವಾಗ ತೋರಿಸಬೇಕು ಎಂಬ ವಿವೇಕವೂ ಜೊತೆಗೆ ಬೇಕು. ಪಕ್ವವಾದ ಓದುಳ್ಳವರು ಮೊದಲ ಆರ್ಡರಿನಲ್ಲೇ, ಬಿಲ್ಲಿನ ಮೇಲ್ಭಾಗದಲ್ಲೇ, ಉದ್ಯಮ್ ನೋಂದಣಿ ಸಂಖ್ಯೆಯನ್ನೂ ಹಣ ಕೊಡಬೇಕಾದ ತಾರೀಖನ್ನೂ ನಮ್ರವಾಗಿ ಬರೆಯುತ್ತಾರೆ. ಕಾಯ್ದೆಯ ಹೆಸರೆತ್ತುವ ಪ್ರಸಂಗವೇ ಹೆಚ್ಚಿನ ಸಲ ಬರುವುದಿಲ್ಲ.

ಕಾನೂನು ಓದಿ ಸಂಸ್ಥೆ ಕಟ್ಟಿದ ಒಬ್ಬ ವಕೀಲರು ಹಿಂದೆ ಕರಾವಳಿಯಲ್ಲಿದ್ದರು, ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈ. ಮದ್ರಾಸಿನಲ್ಲಿ ಕಾನೂನು ಓದಿ ಬಂದವರು. 1891ರಲ್ಲಿ ಕೆನರಾ ಹೈಸ್ಕೂಲು, 1906ರಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಕಟ್ಟಿದರು. ಆ ಫಂಡೇ ಇಂದಿನ ಕೆನರಾ ಬ್ಯಾಂಕ್. ಅದೇ ವರ್ಷದ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬುತ್‌ನಾಟ್ ಎಂಬ ಹೆಸರಾಂತ ಸಂಸ್ಥೆ ಮುಳುಗಿ ಸಾವಿರಾರು ಕುಟುಂಬಗಳ ಉಳಿತಾಯ ಹೋಯಿತು. ಪರರ ದುಡ್ಡನ್ನು ಇಟ್ಟುಕೊಳ್ಳುವುದು ಎಂಥ ಹೊಣೆ ಎಂದು ದಕ್ಷಿಣದ ಜನ ನೋವಿನಿಂದ ಕಲಿತ ಆ ವರ್ಷದಲ್ಲಿ ವಕೀಲರೊಬ್ಬರು ಕಟ್ಟಿದ ಸಂಸ್ಥೆ ಉಳಿದು ಬೆಳೆಯಿತು ಎಂಬುದನ್ನು ಈ ಕಾಲದ ಕಾನೂನು ವಿದ್ಯಾರ್ಥಿಗಳು ನೆನಪಿಡಬೇಕು.

ವಕೀಲಿಯೂ ಉದ್ಯಮವೂ ಕೂಡಿದ ಆ ದಾರಿಗೆ ಇವತ್ತು ಒಂದು ಕವಲಿದೆ; ಹಲವು ಮನೆಗಳಿಗೆ ಅದು ತಿಳಿದಿಲ್ಲ. ಸನ್ನದು ಪಡೆದ ವಕೀಲರು ಸ್ವತಃ ವ್ಯಾಪಾರ ನಡೆಸುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ 47ನೇ ನಿಯಮ ಹೇಳುತ್ತದೆ. ವೃತ್ತಿಯ ಘನತೆಗೆ ಕುಂದಿಲ್ಲದಿದ್ದರೆ ನಿಷ್ಕ್ರಿಯ ಪಾಲುದಾರರಾಗಬಹುದು. ಕಂಪನಿಯ ನಿರ್ದೇಶಕರಾಗಬಹುದು, ಆದರೆ ದಿನದ ಆಡಳಿತ ನಡೆಸುವಂತಿಲ್ಲ. ಅಪ್ಪನಿಂದ ಬಂದ ಅಂಗಡಿಯಲ್ಲಿ ಪಾಲು ಉಳಿಸಿಕೊಳ್ಳಬಹುದು, ಗಲ್ಲಾದ ಮೇಲೆ ಕೂರುವಂತಿಲ್ಲ. ಬೆಳಗ್ಗೆ ಮಂಡಿ, ಹನ್ನೊಂದಕ್ಕೆ ಕೋರ್ಟು ಎಂದು ಎರಡನ್ನೂ ತೂಗಿಸಲು ಹೊರಟವರು ಯಾವುದಾದರೂ ಒಂದನ್ನು ಬಿಡಬೇಕಾಗುತ್ತದೆ. ವ್ಯಾಪಾರವನ್ನೇ ಆರಿಸಿಕೊಂಡರೆ ಕಲಿತ ಕಾನೂನು ವ್ಯರ್ಥವಾಯಿತೆಂದು ಕೊರಗಬೇಕಿಲ್ಲ. ಸನ್ನದನ್ನು ಬದಿಗಿಡಬಹುದು, ಓದನ್ನು ಬದಿಗಿಡಲಾಗುವುದಿಲ್ಲ. ಹಾಸನದ ಜವಳಿ ಕಾರ್ಖಾನೆಗಳಲ್ಲಿ, ಹಾಲು ಒಕ್ಕೂಟದಲ್ಲಿ, ತೆಂಗು ಬೆಳೆಗಾರರು ಕೂಡಿ ಕಟ್ಟುವ ರೈತ ಉತ್ಪಾದಕ ಕಂಪನಿಗಳಲ್ಲಿ ಅದಕ್ಕೆ ಕೆಲಸವಿದೆ. 2002ರ ತಿದ್ದುಪಡಿಯಿಂದ ಬಂದ ಈ ಉತ್ಪಾದಕ ಕಂಪನಿಗಳಲ್ಲಿ ಷೇರು ಎಷ್ಟೇ ಇದ್ದರೂ ರೈತ ಸದಸ್ಯನಿಗೆ ಒಂದೇ ಮತ. ಆ ಒಂದು ಮತವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಪ್ರಾಮಾಣಿಕವಾಗಿ ದಾಖಲಿಸುವವರಿದ್ದರೆ ಕಂಪನಿ ಉಳಿಯುತ್ತದೆ.

ಎಲ್ಲಕ್ಕಿಂತ ಕಷ್ಟದ ಕರಾರು ಮನೆಯೊಳಗಿನದು. ಅಣ್ಣತಮ್ಮಂದಿರು ಕೂಡಿ ನಡೆಸಿದ ಎಷ್ಟೋ ಒಳ್ಳೆಯ ಅಂಗಡಿಗಳಿಗೆ ಬೀಗ ಬಿದ್ದದ್ದು ಮಾರುಕಟ್ಟೆ ಕುಸಿದದ್ದರಿಂದಲ್ಲ, ಪಾಲಿನ ವ್ಯಾಜ್ಯದಿಂದ. ಅವಿಭಕ್ತ ಕುಟುಂಬದ ಆಸ್ತಿಯ ಬಗ್ಗೆ ದೇಶದ ಬಹುಭಾಗ ಒಪ್ಪಿಕೊಂಡ ಮಿತಾಕ್ಷರ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದದ್ದು. ಕನ್ನಡ ನೆಲದ್ದೇ ಗ್ರಂಥ. ಅದು ಹಾಕಿಕೊಟ್ಟ ಪದ್ಧತಿಯನ್ನು ಕಾನೂನು ಕಾಲಕಾಲಕ್ಕೆ ತಿದ್ದಿದೆ. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ, ಮಗಳೂ ಹುಟ್ಟಿನಿಂದ ಮಗನಷ್ಟೇ ಸಹದಾಯಾದಿ ಎಂದಾಯಿತು. ಈ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪುವುದಿಲ್ಲವೆಂದೂ ಹೇಳಿತು. ಹೊಳೆನರಸೀಪುರದ ಕಾಲೇಜಿನಿಂದ ಈಗ ಕಾನೂನು ಓದಿ ಬರುವ ಹೆಣ್ಣುಮಕ್ಕಳು ಇದನ್ನು ಪಾಠವಾಗಿ ಓದುತ್ತಾರೆ, ಮನೆಗೆ ಬಂದು ಬದುಕಾಗಿ ನೋಡುತ್ತಾರೆ.

ಅಂಥ ಮಗಳು ಎಲ್‌ಎಲ್‌ಎಂ ಮುಗಿಸಿ, ಅಪ್ಪನ, ಚಿಕ್ಕಪ್ಪನ, ಅಣ್ಣನ ಎದುರು ಕೂತು, ಎಲ್ಲರೂ ಮಾತಾಡುತ್ತಿರುವ ಕಾಲದಲ್ಲೇ ಕುಟುಂಬದ ಒಪ್ಪಂದದ ಕರಡು ಬರೆಯುವುದನ್ನು ಊಹಿಸಿಕೊಳ್ಳಿ. ಅಂಗಡಿಯ ದಿನದ ತೀರ್ಮಾನ ಯಾರದು, ಹೊರಹೋಗುವವರ ಪಾಲಿಗೆ ಬೆಲೆ ಕಟ್ಟುವ ಲೆಕ್ಕಪರಿಶೋಧಕರು ಯಾರು, ಆ ಹಣವನ್ನು ಎಷ್ಟು ಕಂತಿನಲ್ಲಿ ಕೊಡಬೇಕು, ಬೆಂಗಳೂರಿನಲ್ಲಿ ನೆಲೆಸಿದ ತನಗೆ ಲಾಭದ ಪಾಲು ಹೇಗೆ ಎಂದು ಒಂದೊಂದಾಗಿ ಕೇಳುತ್ತಾಳೆ. ಜಾಗದ ಹಂಚಿಕೆಯನ್ನು ಹಳೆಯ ಪಾಲುಪಟ್ಟಿಯ ಹಾಳೆಯಲ್ಲಿ ಬಿಡದೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಬೇಕೆಂದು ಹೇಳುತ್ತಾಳೆ. ಚಿಕ್ಕಪ್ಪನ ಪರವಾಗಿಯೂ ತಾನೇ ಒಂದು ವಾದ ಹೂಡುತ್ತಾಳೆ, ಅವರು ಕೇಳಲು ಹಿಂಜರಿದದ್ದನ್ನು. "ಇನ್ನೂ ಓದಿ ಏನ್ಮಾಡ್ತೀಯಾ" ಎಂದಿದ್ದ ಅಪ್ಪ ಆಗ ಕರಡನ್ನು ಮೊದಲಿನಿಂದ ಓದಿಸಿ, ಇದರಲ್ಲಿ ನಿಮ್ಮಮ್ಮನ ಮಾತೇ ಇಲ್ಲವಲ್ಲ ಎನ್ನಬಹುದು. ಅವಳು ಹಾಳೆಯನ್ನು ಮುಂದಕ್ಕೆಳೆದುಕೊಂಡು, ಅಮ್ಮನಿಗೆ ಈ ಮನೆಯಲ್ಲಿ ಕೊನೆಯವರೆಗೆ ಇರುವ ಹಕ್ಕು, ತಿಂಗಳ ಖರ್ಚಿಗೆ ಅಂಗಡಿಯಿಂದ ಇಂತಿಷ್ಟು ಎಂದು ಮೊದಲ ಕಲಮಿನಲ್ಲೇ ಸೇರಿಸುತ್ತಾಳೆ.